ಪರದೆ ಹಿಂದಿನ ಚುಚ್ಚಿ ಆಂಟಿ

ಆ ಬೀದಿಯ ಅಮ್ಮಂದಿರು ಮಕ್ಕಳಿಗೆ ಉಣಿಸುವಾಗ ಗುಮ್ಮನನ್ನು ಕರೆಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಮೂಲೆಮನೆಯಲ್ಲೇ ನರ್ಸಮ್ಮ ಇರುವಾಗ ಗುಮ್ಮ ಯಾಕೆ ಬೇಕು? "ತಿಂತೀಯೋ, ಚುಚ್ಚಿ ಆಂಟಿನ ಕರೀಲೋ?" ಅಂದರೆ ಸಾಕು, ಎಂಥ ಹಟಮಾರಿಯೂ ಗಬಗಬ ನುಂಗಿ ತಟ್ಟೆ ನೆಕ್ಕಿ ಇಡುತ್ತಿತ್ತು. ಪುಕ್ಕಟೆ ಸಿಕ್ಕ ಗುಮ್ಮ, ಬಿಡುತ್ತಾರೆಯೇ!

ನರ್ಸಮ್ಮನ ತಪ್ಪೇನೂ ಇರಲಿಲ್ಲ. ಮಕ್ಕಳ ಆಸ್ಪತ್ರೆಯಲ್ಲಿ ಲಸಿಕೆ ಹಾಕುವ ಕೋಣೆ ಅವಳದು. ಕೈ ಬಹಳ ಹಗುರ. ಸೂಜಿ ಹೊರಗೆ ಬಂದ ಮೇಲೆಯೇ ಎಷ್ಟೋ ಮಕ್ಕಳಿಗೆ ಅಳಬೇಕೆಂದು ನೆನಪಾಗುತ್ತಿತ್ತು. "ಇರುವೆ ಕಚ್ಚಿದ ಹಾಗೆ ಅಷ್ಟೇ ಕಂದಾ" ಅನ್ನುವ ಮಾತು ಅವಳ ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಬೀದಿಯ ಅಷ್ಟೂ ಮಕ್ಕಳ ತೋಳು ಅವಳಿಗೆ ಪರಿಚಯ. ಯಾವುದು ಹೇಗೆ ಅಳುತ್ತದೆ ಅನ್ನುವುದಂತೂ ಬಾಯಿಪಾಠ. ಅವಳು ಎದುರಿಗೆ ಬಂದರೆ ಸಾಕು, ಮಕ್ಕಳು ತೋಳು ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದವು. ಅವಳು ನಕ್ಕು ಮುಂದೆ ಹೋಗುತ್ತಿದ್ದಳು.

ಆದರೆ ಅವಳಿಗೂ ಒಬ್ಬ ಮಗಳಿದ್ದಳಲ್ಲ, ಗುಬ್ಬಿ. ಹೋದ ವರ್ಷ ಅವಳ ಹುಟ್ಟುಹಬ್ಬಕ್ಕೆ ಬೀದಿಯ ಮಕ್ಕಳನ್ನೆಲ್ಲ ಕರೆದಿದ್ದರು. ಒಬ್ಬಳಿಗೆ ಹೊಟ್ಟೆನೋವು, ಒಬ್ಬನಿಗೆ ಹೋಂವರ್ಕು, ಇನ್ನೊಬ್ಬನ ಮನೆಗೆ ನೆಂಟರು. ಒಂದು ನರಪಿಳ್ಳೆಯೂ ಇತ್ತ ಸುಳಿಯಲಿಲ್ಲ. ಅಪ್ಪ, ಅಮ್ಮ, ಮಗಳು ಮೂವರೇ ತಲೆಗೆ ಟೋಪಿ ಹಾಕಿಕೊಂಡು, ಮುಖ ಮುಖ ನೋಡಿಕೊಂಡು ಕೇಕು ತಿಂದಿದ್ದರು.

ಈ ಸಲ ಕೇಕಿಗೆ ಯಾವ ಬಣ್ಣದ ಕ್ರೀಮು ಬೇಕು ಎಂದು ಕೇಳಿದರೆ ಗುಬ್ಬಿ ನೆಲ ನೋಡುತ್ತಾ ನಿಂತಳು.

"ಅಮ್ಮಾ, ಅವತ್ತು ನೀನು ಮನೇಲಿ ಇರಲ್ಲ ತಾನೇ?"

"ಇರ್ತೀನಿ ಪುಟ್ಟಾ, ರಜ ಹಾಕಿದ್ದೀನಲ್ಲ."

"ನೀನಿದ್ರೆ ಯಾರೂ ಬರಲ್ಲ." ಆಮೇಲೆ ಅವಸರದಲ್ಲಿ, "ನಂಗೇನೂ ಭಯ ಇಲ್ಲಮ್ಮ. ಅವರಿಗೆ."

ಊರಿಗೆಲ್ಲ ಚುಚ್ಚುವವಳಿಗೆ ಅವತ್ತು ಸರಿಯಾಗಿಯೇ ಚುಚ್ಚಿತು. ಏನೂ ಆಗದವಳ ಹಾಗೆ ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಂದು ಸಲ ಧಡಬಡ ತೊಳೆದಳು. ಗಡಿಯಾರ ರಿಪೇರಿ ಮಾಡುವ ಗಂಡ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆದಿಟ್ಟು ಅಡುಗೆಮನೆಗೆ ಬಂದ.

"ಆ ಅಮ್ಮಂದಿರಿಗೆ ನಾಲ್ಕು ಮಾತು ಬೈದು ಬರ್ಲೇನೇ?"

"ಬೈದ್ರೆ ಮಕ್ಕಳು ಬರ್ತಾವೇನ್ರೀ? ಅವಳು ಕೇಳಿದ್ದು ಸರಿಯಾಗೇ ಇದೆ. ನಾನು ಒಳಗೇ ಇರ್ತೀನಿ, ನೀವು ಹೊರಗೆ ನೋಡ್ಕೊಳ್ಳಿ."

ಒಪ್ಪಂದವಾಯಿತು. ಅಮ್ಮ ಅಡುಗೆಮನೆಯ ಪರದೆಯ ಹಿಂದೆ ಇರಬಹುದು. ಆದರೆ ಕೆಮ್ಮಬಾರದು, ಸೀನಬಾರದು, ಒಂದು ಬೆರಳೂ ಪರದೆ ದಾಟಬಾರದು. ಷರತ್ತು ಹಾಕುವಾಗ ಗುಬ್ಬಿಯ ಗತ್ತು ನೋಡಬೇಕಿತ್ತು, ಆಸ್ಪತ್ರೆಯ ಹಿರಿಯ ಡಾಕ್ಟರಿಗೂ ಅಷ್ಟು ಬಿಗಿ ಇರಲಿಲ್ಲ.

ತಯಾರಿಯೇನು ಸಾಮಾನ್ಯವೇ? ಗುಬ್ಬಿ ಹಳೆಯ ಪೇಪರಿನಲ್ಲಿ ಟೋಪಿ ಮಡಚಿ ಮಡಚಿ ಗುಡ್ಡೆ ಹಾಕಿದಳು. ಅಪ್ಪ ಬಲೂನು ಊದಿ ಊದಿ, ಅವನ ಮುಖವೇ ಇನ್ನೊಂದು ಬಲೂನಾಯಿತು. ಮೊದಲನೆಯ ಕೇಕು ತಳ ಹತ್ತಿ ಹಂಚಿನ ಚೂರಾಯಿತು, ಎರಡನೆಯದು ದೇವರ ದಯೆಯಿಂದ ಉಬ್ಬಿತು. ಕ್ರೀಮು ಹಿಂಡುವ ಕೊಳವೆ ಮನೆಯಲ್ಲಿ ಎಲ್ಲಿಂದ ಬರಬೇಕು? ನರ್ಸಮ್ಮ ಒಂದು ಹೊಸ ದಪ್ಪ ಸಿರಿಂಜನ್ನು ತೆಗೆದು, ಸೂಜಿ ಸಿಕ್ಕಿಸದೆ, ಗುಲಾಬಿ ಬಣ್ಣದ ಕ್ರೀಮು ತುಂಬಿಕೊಂಡು ಕೇಕಿನ ಸುತ್ತ ಎಷ್ಟು ನಾಜೂಕಾಗಿ ಹೂ ಬಿಟ್ಟಳೆಂದರೆ, ಗಂಡ ಬಾಯಿ ಬಿಟ್ಟುಕೊಂಡು ನಿಂತ. "ನಿನ್ನ ಕೈ ಅಂದ್ರೆ ಕೈ ಕಣೇ" ಅಂದ.

ಆ ದಿನ ಮಕ್ಕಳು ಬಂದವು! ಒಂದರ ಬೆನ್ನಿಗೆ ಒಂದು, ಚಪ್ಪಲಿ ರಾಶಿ ಬೀಳುವಷ್ಟು ಬಂದವು. ಎಲ್ಲಕ್ಕೂ ಮುಂದೆ ಎದುರುಮನೆಯ ಉಂಡೆ. ಹೆಸರಿಗೆ ತಕ್ಕ ಮೈ, ಬೀದಿಯ ಮಕ್ಕಳಿಗೆಲ್ಲ ಅವನೇ ಲೀಡರು. ಬಂದವನೇ ಮಂಚದ ಕೆಳಗೆ ಬಗ್ಗಿ ನೋಡಿದ, ಬೀರುವಿನ ಸಂದಿ ನೋಡಿದ.

"ಅಂಕಲ್, ಆಂಟಿ ಇಲ್ಲ ತಾನೇ?"

"ಇದ್ದಿದ್ರೆ ಮಂಚದ ಕೆಳಗೆಲ್ಲ ನುಗ್ಗೋಕೆ ಬಿಡ್ತಿದ್ಲೇನೋ?" ಅಂದ ಗಡಿಯಾರದವ. ಸುಳ್ಳೂ ಅಲ್ಲ, ನಿಜವೂ ಅಲ್ಲ.

ಅವನು ಕಟ್ಟಿದ ಆಟ ಮಜವಾಗಿತ್ತು. ಅಲಾರಂ ಗಡಿಯಾರವನ್ನು ಟವೆಲಿನಲ್ಲಿ ಸುತ್ತಿ ಕೈಯಿಂದ ಕೈಗೆ ದಾಟಿಸಬೇಕು. ಯಾರ ಕೈಯಲ್ಲಿದ್ದಾಗ ಅದು ಬಡಿದುಕೊಳ್ಳುತ್ತದೋ ಅವರು ಕೋಣೆಯ ಸುತ್ತ ಕಪ್ಪೆಯ ಹಾಗೆ ಕುಪ್ಪಳಿಸಬೇಕು. ಉಂಡೆ ಕುಪ್ಪಳಿಸಿದಾಗ ಕಿಟಕಿಯ ಗಾಜು ನಡುಗಿತು. ಪರದೆಯ ಸಂದಿಯಿಂದ ನೋಡುತ್ತಿದ್ದ ನರ್ಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಗುಬ್ಬಿಯ ಮುಖ ಅಷ್ಟು ಅರಳಿದ್ದನ್ನು ಅವಳು ನೋಡಿಯೇ ಇರಲಿಲ್ಲ. ತಾನಿಲ್ಲದಿದ್ದರೆ ಮಗಳು ಇಷ್ಟು ಖುಷಿಯಾಗಿರುತ್ತಾಳಲ್ಲ ಎಂದು ಒಂದು ಕ್ಷಣ ಸಂಕಟವಾಯಿತು.

"ಈಗ ಕೇಕು!" ಅಂದ ಗಂಡ. ಮಕ್ಕಳೆಲ್ಲ ಮೇಜಿಗೆ ಮುತ್ತಿಕೊಂಡವು. ಸಂದಿಯಲ್ಲಿ ನರ್ಸಮ್ಮನ ಕಣ್ಣಿಗೆ ಬಿದ್ದದ್ದು ಬರೀ ಕೈಗಳು. ನೆಲದ ಮೇಲೆ ಕುಪ್ಪಳಿಸಿ ಕರ್ರಗಾದ ಕೈಗಳು! ತೊಳೆಸಿರೆಂದು ಗಂಡನಿಗೆ ಬೆಳಗಿನಿಂದ ಹೇಳಿದ್ದಳು. ಗಡಿಯಾರ ನೆನಪಿಟ್ಟುಕೊಳ್ಳುವ ಮನುಷ್ಯನಿಗೆ ನಲ್ಲಿ ನೆನಪಿರುತ್ತದೆಯೇ? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗಾಯಿತು. ಷರತ್ತು ಮರೆತುಹೋಯಿತು, ಒಪ್ಪಂದ ಮರೆತುಹೋಯಿತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯುಂಡೆಗಳನ್ನು ಸ್ಟೀಲಿನ ಟ್ರೇಯಲ್ಲಿ ಸಾಲಾಗಿ ಜೋಡಿಸಿಕೊಂಡು ಅವಳ ಕೈ ತನ್ನಷ್ಟಕ್ಕೆ ತಾನೇ ಪರದೆ ದಾಟಿ ಹೊರಗೆ ಬಂತು.

ವಾಸನೆ ಬಡಿದದ್ದೇ ಉಂಡೆಯ ಕೈ ಕೇಕಿನ ಹತ್ತಿರ ನಿಂತುಬಿಟ್ಟಿತು. ಮೂಗು ಅರಳಿತು. ಟ್ರೇ ನೋಡಿದ. ಟ್ರೇ ಹಿಡಿದ ಕೈ ನೋಡಿದ.

"ಚುಚ್ಚಿ ಆಂಟೀ!"

ಅಯ್ಯೋ, ಆ ಗಲಾಟೆ! ನಾಲ್ಕು ಮಕ್ಕಳು ಮೇಜಿನ ಕೆಳಗೆ, ಒಬ್ಬಳು ಕಿಟಕಿಯ ಮೇಲೆ, ಉಂಡೆ ಬಾಗಿಲಿನ ಚಿಲಕಕ್ಕೆ ಎಗರಿ ಎಗರಿ ಬೀಳುತ್ತಿದ್ದಾನೆ. ಒಂದು ಅತ್ತರೆ ಊರೇ ಅತ್ತಿತು. "ಏನೂ ಇಲ್ಲ ಕಣ್ರೋ, ಅದು ಫಿನಾಯಿಲು, ಫಿನಾಯಿಲು!" ಎಂದು ಗಡಿಯಾರದವ ಕೂಗಿದರೆ ಕೇಳುವವರು ಯಾರು?

ನರ್ಸಮ್ಮ ಹಣೆ ಚಚ್ಚಿಕೊಂಡಳು. ಎರಡು ವರ್ಷದ ಹುಟ್ಟುಹಬ್ಬಕ್ಕೂ ನಾನೇ ಕಲ್ಲು ಹಾಕಿದೆನಲ್ಲ! ಹಿಂದಿನ ಬಾಗಿಲು ತೆಗೆದು, ಚಪ್ಪಲಿ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಪರದೆ ಸರಕ್ಕನೆ ಸರಿಯಿತು. ಗುಬ್ಬಿ ನಿಂತಿದ್ದಳು, ಮೂಗಿನ ತುದಿ ಕೆಂಪಗೆ.

"ಒಂದು ಬೆರಳೂ ಬರಬಾರದು ಅಂದಿದ್ದೆ!"

"ತಪ್ಪಾಯ್ತು ಪುಟ್ಟಾ. ಇಗೋ, ಹೊರಟೇಬಿಟ್ಟೆ. ಆಂಟಿ ಹೋದ್ಲು ಅಂತ ಹೇಳು, ಎಲ್ಲಾ ನಿಲ್ತಾರೆ."

ಗುಬ್ಬಿ ಇನ್ನೂ ಏನೋ ಹೇಳಲು ಬಾಯಿ ತೆರೆದವಳು ಅಮ್ಮನ ತಲೆ ನೋಡಿದಳು. ತಲೆಯ ಮೇಲೆ ಪೇಪರಿನ ಟೋಪಿ ಇತ್ತು.

"ಟೋಪಿ ಯಾಕೆ ಹಾಕ್ಕೊಂಡಿದ್ದೀಯಾ? ಇಲ್ಲಿ ಯಾರಿದ್ದಾರೆ?"

"ನಿನ್ನ ಬರ್ತ್‌ಡೇ ಅಲ್ವೇನೇ."

 ಗುಬ್ಬಿ ಅಮ್ಮನ ಕೈಯಿಂದ ಚಪ್ಪಲಿ ಕಿತ್ತು ಮೂಲೆಗೆ ಎಸೆದಳು. ಕಟ್ಟೆಯ ಮೇಲೆ ಕ್ರೀಮು ಉಳಿದಿದ್ದ ಸಿರಿಂಜನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಅಮ್ಮನನ್ನು ಎಳೆದುಕೊಂಡು ನಡುಮನೆಗೆ ನಡೆದಳು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ತೋಳು ಮೇಲೇರಿಸಿ, ಆ ಅಳುವಿನ ಸಂತೆಗೆಲ್ಲ ಕೇಳುವ ಹಾಗೆ ಕಿರುಚಿದಳು: "ಇವಳು ನಮ್ಮಮ್ಮ! ಇವತ್ತು ಇವಳು ಚುಚ್ಚಲ್ಲ, ನೀವೇ ಇವಳಿಗೆ ಚುಚ್ಚಬೇಕು! ಲೈನಲ್ಲಿ ಬನ್ನಿ!"

ಅಳು ನಿಂತಿತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕೊನೆಗೆ ಕಿಟಕಿಯ ಮೇಲಿದ್ದ ಹುಡುಗಿ ಇಳಿದು ಬಂದು, ಸಿರಿಂಜನ್ನು ತೋಳಿಗೆ ಒತ್ತಿ, ಒಂದಿಷ್ಟು ಕ್ರೀಮು ಪಿಚಕ್ ಅನಿಸಿದಳು.

ನರ್ಸಮ್ಮ ಉಸಿರು ಒಳಗೆಳೆದು, ಹುಬ್ಬು ಗಂಟಿಕ್ಕಿ, ಮೊದಲು ಸದ್ದೇ ಇಲ್ಲದೆ, ಆಮೇಲೆ ಒಮ್ಮೆಲೇ ರೈಲಿನ ಸಿಳ್ಳೆಯ ಹಾಗೆ "ಊಊಊ" ಎಂದು ಅತ್ತಳು.

"ಏ, ಅದು ನಾನು! ನಾನು ಹಾಗೇ ಅಳೋದು!" ಎಂದು ಹುಡುಗಿ ಕುಣಿದಾಡಿದಳು.

ಮುಗಿಯಿತು ನೋಡಿ. "ಆಂಟೀ, ನಂದು! ನನ್ನ ಅಳು!" ಎಂದು ನೂಕುನುಗ್ಗಲು. ಒಬ್ಬನಿಗೆ ಮೇಕೆಯ ಹಾಗೆ, ಇನ್ನೊಬ್ಬಳಿಗೆ "ಬೇಡಾಮ್ಮಾ, ನಾಳೇಮ್ಮಾ" ಎಂದು ರಾಗವಾಗಿ. ಒಂದೂ ತಪ್ಪಲಿಲ್ಲ. ಗಡಿಯಾರದವ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ.

ಕೊನೆಗೆ ಉಂಡೆ ಬಂದ. ಒತ್ತುವ ಮೊದಲು ಅವಳ ತೋಳು ಸವರಿ ದೊಡ್ಡವರ ದನಿಯಲ್ಲಿ ಹೇಳಿದ, "ಇರುವೆ ಕಚ್ಚಿದ ಹಾಗೆ ಅಷ್ಟೇ ಕಂದಾ."

ಎಲ್ಲರೂ ಘೊಳ್ಳೆಂದು ನಕ್ಕರು. ನರ್ಸಮ್ಮ ನಗುತ್ತಲೇ ಅವನ ಗಲ್ಲ ಹಿಡಿದಳು. "ಸುಳ್ಳು ಕಣೋ ಅದು. ನೋವಾಗುತ್ತೆ. ಸ್ವಲ್ಪ ಹೊತ್ತು."

"ನಂಗೆ ಮೊದಲೇ ಗೊತ್ತಿತ್ತು" ಅಂದ ಉಂಡೆ, ಕ್ರೀಮು ಒತ್ತಿ, ಅದನ್ನು ತಾನೇ ಬೆರಳಲ್ಲಿ ಬಳಿದು ತಿಂದ. ಆಮೇಲೆ ಎಲ್ಲ ಕೈಗಳೂ ನಲ್ಲಿಯ ಕೆಳಗೆ ಹೋಗಿಬಂದವು, ಕೇಕು ಕ್ಷಣದಲ್ಲಿ ಮಾಯವಾಯಿತು.

ಸಂಜೆ ಚಪ್ಪಲಿ ಹುಡುಕುತ್ತಾ ಉಂಡೆ ಗುಬ್ಬಿಯನ್ನು ಕೇಳುತ್ತಿದ್ದುದು ಒಳಗೆ ತಟ್ಟೆ ತೆಗೆಯುತ್ತಿದ್ದ ನರ್ಸಮ್ಮನಿಗೆ ಕೇಳಿಸಿತು. "ಮುಂದಿನ ವರ್ಷಾನೂ ನಿಮ್ಮಮ್ಮ ಇರ್ತಾರೆ ತಾನೇ? ಇಲ್ಲಾಂದ್ರೆ ನಾನು ಬರಲ್ಲ."

"ಗೊತ್ತಿಲ್ಲಪ್ಪ" ಅಂದಳು ಗುಬ್ಬಿ, ಸೊಂಟಕ್ಕೆ ಕೈಯಿಟ್ಟು. "ನಮ್ಮಮ್ಮಂಗೆ ತುಂಬಾ ಕೆಲಸ ಇರುತ್ತೆ. ಕೇಳಿ ನೋಡ್ತೀನಿ."

ನರ್ಸಮ್ಮ ತಟ್ಟೆಗಳನ್ನು ಕೆಳಗಿಟ್ಟು, ಕ್ರೀಮು ಮೆತ್ತಿದ ತೋಳನ್ನು ಒರೆಸಿಕೊಳ್ಳದೆ, ಮಗಳು ಬಂದು ಕೇಳಲಿ ಎಂದು ಕಾಯುತ್ತಾ ನಿಂತಳು.