ಡಿಸೆಂಬರಿನ ಮಗಳು, ಜನವರಿಯ ಮಗಳು

ನಮ್ಮ ಬಾಳೂರಿನಲ್ಲಿ ಮಳೆ ಬಿಟ್ಟರೂ ಬಟ್ಟೆ ಒಣಗುವುದು ಸುಲಭವಲ್ಲ. ಹಾಗಾಗಿ ಬಚ್ಚಲೊಲೆಯ ಮೇಲೆ ಒಂದು ಹಗ್ಗ ಸದಾ ಕಟ್ಟಿರುತ್ತದೆ. ಅದರಲ್ಲಿ ನನ್ನ ಮಗಳು ಧನ್ಯಾಳ ಫುಟ್‌ಬಾಲ್ ಸಾಕ್ಸುಗಳು, ಮೊಣಕಾಲಿನವರೆಗೆ ಬರುವ ಉದ್ದನೆಯ ನೀಲಿ ಸಾಕ್ಸುಗಳು, ಹೊಗೆ ಕುಡಿಯುತ್ತಾ ತೂಗುತ್ತವೆ. ಕಳೆದ ಎರಡು ವರ್ಷ ಅವುಗಳಲ್ಲಿ ತಿಕ್ಕಿ ತೊಳೆಯುವಂಥ ಕೆಸರೇ ಇರುತ್ತಿರಲಿಲ್ಲ. ನಿಮಗೆ ಇದು ಸಂತೋಷದ ಸಂಗತಿ ಎನಿಸಬಹುದು. ಆದರೆ ಮಕ್ಕಳನ್ನು ಆಟಕ್ಕೆ ಕಳಿಸುವ ತಾಯಂದಿರು ಬಲ್ಲರು, ಕೊಳೆಯಾಗದ ಸಾಕ್ಸು ಎಂದರೆ ಆಡದ ಆಟ. ಮಗಳು ಭಾನುವಾರವಿಡೀ ಬೆಂಚಿನ ಮೇಲೆ ಕುಳಿತು ಬಂದಳೆಂಬುದಕ್ಕೆ ಆ ಸಾಕ್ಸೇ ಸಾಕ್ಷಿ.

ಅದೇ ಹೊತ್ತಿಗೆ ಬೇಲಿಯಾಚೆಯ ಮನೆಯಲ್ಲಿ ನನ್ನ ಓರಗಿತ್ತಿ ಪೂರ್ಣಿಮಾ ತನ್ನ ಮಗಳು ಸಿಂಚನಾಳ ಸಾಕ್ಸನ್ನು ಕಲ್ಲಿಗೆ ಬಡಿಬಡಿದು ಒಗೆಯುವುದು ಕೇಳಿಸುತ್ತಿತ್ತು. ಆ ಸದ್ದಿನ ಮೇಲೂ ನನಗೆ ಹೊಟ್ಟೆಕಿಚ್ಚು. ಬಚ್ಚಲೊಲೆಯ ಕಿಚ್ಚಿಗಾದರೂ ಹೊಗೆ ಹೋಗಲು ಒಂದು ಗೂಡಿದೆ. ಈ ಕಿಚ್ಚಿಗೆ ಅದೂ ಇಲ್ಲ.

ಇಬ್ಬರು ಹುಡುಗಿಯರೂ ಒಂದೇ ಚಳಿಗಾಲದಲ್ಲಿ ಹುಟ್ಟಿದವರು. ನನ್ನವಳು ಡಿಸೆಂಬರಿನ ಕೊನೆಯ ವಾರ, ಪೂರ್ಣಿಮಾಳ ಮಗಳು ಜನವರಿಯ ಮೊದಲಲ್ಲಿ. ಇಬ್ಬರಿಗೂ ನೀರು ಎರೆದದ್ದು ಒಬ್ಬಳೇ ಅಜ್ಜಿ, ತೂಗಿದ್ದು ಸರದಿಯ ಮೇಲೆ ಒಂದೇ ತೊಟ್ಟಿಲು. ಈಗ ಶಾಲೆಯಲ್ಲೂ ಒಂದೇ ತರಗತಿ. ಆದರೆ ಮೂಡಿಗೆರೆಯ ಫುಟ್‌ಬಾಲ್ ಮೈದಾನದಲ್ಲಿ ಮಕ್ಕಳನ್ನು ಹುಟ್ಟಿದ ಇಸವಿಯ ಪ್ರಕಾರ ವಿಂಗಡಿಸುತ್ತಿದ್ದರು. ಮಧ್ಯೆ ಕ್ಯಾಲೆಂಡರು ಬದಲಾದದ್ದೇ ತಪ್ಪಾಗಿ, ನನ್ನ ಮಗಳು ದೊಡ್ಡವರ ಗುಂಪಿಗೆ ಎಲ್ಲರಿಗಿಂತ ಕಿರಿಯಳಾಗಿ ಹೋದಳು. ಸಿಂಚನಾ ಚಿಕ್ಕವರ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾಗಿ ಉಳಿದಳು. ದೊಡ್ಡವರದು ಒಂಬತ್ತು ಜನರ ಆಟ, ಅಗಲವಾದ ಅಂಗಳ, ತನಗಿಂತ ಒಂದು ಗೇಣು ಎತ್ತರದ ಹುಡುಗಿಯರು. ಚಿಕ್ಕವರದು ಏಳು ಜನರ ಆಟ, ಪುಟ್ಟ ಅಂಗಳ. ಅಲ್ಲಿ ಚೆಂಡು ಎಲ್ಲಿ ಹೋದರೂ ಸಿಂಚನಾಳ ಕಾಲಿಗೇ ಬರುತ್ತಿತ್ತು. ಅವಳು ಗೋಲು ಹೊಡೆದಾಗಲೆಲ್ಲ ನಾನು ಚಪ್ಪಾಳೆ ತಟ್ಟುತ್ತಿದ್ದೆ, ಎಲ್ಲರಿಗಿಂತ ಜೋರಾಗಿ. ಮತ್ಸರಕ್ಕೆ ಅಷ್ಟು ಒಳ್ಳೆಯ ಮುಸುಕು ಬೇರೊಂದಿಲ್ಲ.

ಈ ವರ್ಷ ಶಾಲೆ ಶುರುವಾದಾಗ ಕೋಚ್ ರೋಷನ್ ಮಾಸ್ಟ್ರು ನಮ್ಮನ್ನೆಲ್ಲ ಕರೆದು, ಲೆಕ್ಕ ಬದಲಾಗಿದೆ ಎಂದರು. ಇನ್ನು ಮುಂದೆ ಜೂನಿನಿಂದ ಮುಂದಿನ ಮೇ ತಿಂಗಳವರೆಗೆ ಹುಟ್ಟಿದವರೆಲ್ಲ ಒಂದೇ ಗುಂಪು. ಒಂದೇ ತರಗತಿಯ ಮಕ್ಕಳು ಒಟ್ಟಿಗೇ ಆಡಲಿ ಎಂದು. ಧನ್ಯಾ ಏಳು ಜನರ ಆಟಕ್ಕೆ ಇಳಿದು ಬರುವಳು, ಸಿಂಚನಾಳ ಜೊತೆಗೆ. ನನ್ನೊಳಗೆ ದೀಪಾವಳಿಯೇ ಆಯಿತು. ಎರಡು ವರ್ಷ ನಾನು ನಂಬಿಕೊಂಡು ಬಂದದ್ದು ಒಂದೇ ಮಾತು: ತಾರೀಕೊಂದು ಅಡ್ಡ ಬರದಿದ್ದರೆ ನನ್ನ ಮಗಳೇ ಮುಂದು. ಈಗ ನೋಡಿಯೇ ಬಿಡೋಣ, ಎಂದುಕೊಂಡೆ.

ನೋಡಿಯೂ ನೋಡಿದೆ. ಮೊದಲ ಪಂದ್ಯ ಕಳಸದ ಮಕ್ಕಳ ಮೇಲೆ. ಧನ್ಯಾ ಚೆನ್ನಾಗಿಯೇ ಆಡಿದಳು. ಬೆಂಚಿನ ಮೇಲೆ ಕುಳಿತು ದೊಡ್ಡವರ ಆಟ ನೋಡಿ ನೋಡಿ ಅವಳಿಗೆ ಮೈದಾನದ ತೆರಪುಗಳು ಕಾಣುತ್ತಿದ್ದವು. ಚೆಂಡು ಸಿಕ್ಕಿದೊಡನೆ ತಲೆಯೆತ್ತಿ ನೋಡಿ, ಆ ತೆರಪಿಗೆ ತಳ್ಳುತ್ತಿದ್ದಳು. ಆದರೆ ಆ ತೆರಪಿಗೆ ಓಡಿ ಬರುತ್ತಿದ್ದವಳು ಸಿಂಚನಾ. ಗೋಲುಗಳೆಲ್ಲ ಅವಳವು, ಜನ ಕೂಗಿದ್ದೂ ಅವಳ ಹೆಸರನ್ನೇ. ನನ್ನ ಕಿಚ್ಚಿಗೆ ಸೌದೆ ಒಟ್ಟುತ್ತಿರುವವಳು ಈಗ ನನ್ನ ಮಗಳೇ! ತಾರೀಕನ್ನು ಬೈಯುವ ಸುಖವೂ ಕೈತಪ್ಪಿ ಹೋಗಿತ್ತು.

ಅಷ್ಟರಲ್ಲಿ ಇನ್ನೊಂದಾಯಿತು. ದೊಡ್ಡವರ ಗುಂಪಿಗೆ ಒಬ್ಬ ಹುಡುಗಿ ಕಡಿಮೆ ಬಿದ್ದಳು. ಚಿಕ್ಕವರಿಂದ ಒಬ್ಬಳನ್ನು ಮೇಲೆ ಆಡಿಸುವೆ ಎಂದ ಮಾಸ್ಟ್ರು ಸಿಂಚನಾಳನ್ನು ಆರಿಸಿದರು. ಎರಡು ವರ್ಷ ಅಲ್ಲೇ ಕಾದವಳು ನನ್ನ ಮಗಳು. ಕರೆ ಬಂದದ್ದು ಸಿಂಚನಾಳಿಗೆ. ಅಂದು ಜೀಪಿನಲ್ಲಿ ಇಬ್ಬರನ್ನೂ ಮನೆಗೆ ಕರೆತರುತ್ತಿದ್ದೆ. ತಿರುವುಗಳಲ್ಲಿ ಗೇರು ಬದಲಿಸುವ ನೆಪದಲ್ಲಿ ನನ್ನ ಸಿಟ್ಟನ್ನೆಲ್ಲ ಆ ಬಡ ಜೀಪಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಧನ್ಯಾ ಅಳುತ್ತಿರಬಹುದೆಂದು ಕನ್ನಡಿಯಲ್ಲಿ ನೋಡಿದರೆ, ಅವಳು ತಂಗಿಯ ಕಡೆ ತಿರುಗಿ ಕೂತು ಪಾಠ ಹೇಳುತ್ತಿದ್ದಳು.

"ಮೊದ್ಲು ಅವ್ರು ನಿಂಗೆ ಬಾಲ್ ಕೊಡಲ್ಲ. ಬೇಜಾರ್ ಮಾಡ್ಕೋಬೇಡ, ಕೇಳ್ತಾನೇ ಇರು. ಬೆಂಚಲ್ಲಿ ಕೂರ್ಸಿದ್ರೆ ತುದೀಲಿ ಕೂತ್ಕೋ, ಅಲ್ಲಿಂದ ಪೂರ್ತಿ ಕಾಣ್ಸುತ್ತೆ."

"ನೀನಿಲ್ದೆ ನಂಗೆ ಪಾಸ್ ಯಾರು ಕೊಡ್ತಾರೆ?" ಎಂದಳು ಸಿಂಚನಾ. ಅವಳ ದನಿಯಲ್ಲಿ ಹೆದರಿಕೆಯಿತ್ತು.

ಧನ್ಯಾ ಸ್ವಲ್ಪ ಯೋಚಿಸಿ, ಅಲ್ಲಿ ಹಾಗೆ ಕೊಡುವವರು ಯಾರೂ ಇಲ್ಲವೆಂದೂ, ನಾವೇ ಹೋಗಿ ಕಿತ್ತುಕೊಳ್ಳಬೇಕೆಂದೂ ಹೇಳಿದಳು. ಅದರಲ್ಲಿ ಕೊಂಕಿರಲಿಲ್ಲ, ಹೋಗಿ ಬಂದವರು ದಾರಿ ಹೇಳುವಂತೆ ಹೇಳಿದಳು. ನಾನು ಹೆತ್ತ ಕೂಸಿಗೆ ನನ್ನ ಹೊಟ್ಟೆಯ ಬೆಂಕಿಯ ಒಂದು ಕಿಡಿಯೂ ತಗಲದೆ ಹೋದದ್ದು ಹೇಗೆ? ಓರಗಿತ್ತಿಯನ್ನು ಕಂಡು ಉರಿದದ್ದು ಸಾಲದೆಂಬಂತೆ, ಅಂದು ಮಗಳನ್ನು ಕಂಡೂ ಉರಿದೆ. ಹೀಗೆ ಹಗುರವಾಗಿರುವುದು ನನಗೇಕೆ ಬರಲಿಲ್ಲ?

ಮುಂದಿನ ಭಾನುವಾರ ಎರಡು ಅಂಗಳಗಳಲ್ಲೂ ಒಂದೇ ಸಮಯಕ್ಕೆ ಆಟ. ಧನ್ಯಾ ಚಿಕ್ಕದರಲ್ಲಿ ನಡುವೆ ನಿಂತು, ಹಿಂದೆ ಮುಂದೆ ಇದ್ದವರನ್ನೆಲ್ಲ ಹೆಸರು ಹಿಡಿದು ಕೂಗಿ ಆಡಿಸುತ್ತಿದ್ದಳು. ಅರ್ಧ ಆಟ ಮುಗಿದಾಗ ನಾನು ದೊಡ್ಡ ಅಂಗಳದ ಕಡೆ ನೋಡಿದೆ. ಸಿಂಚನಾ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಪೂರ್ಣಿಮಾ ಗೆರೆಯಾಚೆ ಒಬ್ಬಳೇ, ಸೆರಗನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದಳು. ಆ ನಿಲ್ಲುವಿಕೆ ನನಗೆ ಗೊತ್ತು. ಎರಡು ವರ್ಷ ನಾನು ನಿಂತಿದ್ದು ಅದೇ ಹುಲ್ಲಿನ ಮೇಲೆ. ಒಳಗೊಳಗೇ ಒಂದು ಕ್ಷಣ ಖುಷಿಯಾದದ್ದೂ ನಿಜ, ನಿಮ್ಮಲ್ಲಿ ಮುಚ್ಚಿಡುವುದೇಕೆ? ಆ ಖುಷಿ ಕಾಫಿಯ ತಳದ ಗಸಿಯಂತೆ ನಾಲಿಗೆಗೆ ಒಗರಾಗಿ ಹತ್ತಿತು. ಫ್ಲಾಸ್ಕು ಹಿಡಿದು ಅವಳ ಬಳಿಗೆ ಹೋದೆ.

ಅವಳು ಮೈದಾನದಿಂದ ಕಣ್ಣು ಕೀಳದೆಯೇ ಕೇಳಿದಳು: "ಎರಡು ವರ್ಷ ಇದನ್ನ ಹೆಂಗೆ ನೋಡ್ಕೊಂಡು ನಿಂತಿದ್ರಿ, ಅಕ್ಕ?"

"ಹೊಟ್ಟೆ ಉರ್ಕೊಂಡು ನಿಂತಿದ್ದೆ ಮಾರಾಯ್ತಿ," ಎಂದೆ.

ಅವಳು ತಿರುಗಿ ನನ್ನ ಮುಖ ನೋಡಿದಳು. ಯಾರ ಮೇಲೆ ಎಂದು ಕೇಳಲಿಲ್ಲ. ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿಕೊಟ್ಟ ಕಾಫಿಯನ್ನು ಅರ್ಧ ಕುಡಿದು, ಉಳಿದರ್ಧವನ್ನು, ಎಂಜಲೆಂದು ಎಣಿಸದೆ, ನನ್ನ ಕೈಗಿಟ್ಟಳು. ನಾನು ಕುಡಿದೆ.