ಹುಣಿಸೆ ನೀರಿಗೆ ಅದ್ದಿದ ದ್ರಾಕ್ಷಿ

ರಾಜಘಟ್ಟದ ಮುನಿತಾಯಮ್ಮ ಐದು ವರ್ಷ ಬಾವಿಯಿಂದ ನೀರು ಹೊತ್ತು ಬೆಳೆಸಿದ ದ್ರಾಕ್ಷಿ ಚಪ್ಪರವನ್ನು ಕಿತ್ತುಹಾಕಲು ಅವಳ ಮಾವ ಸೊಣ್ಣಪ್ಪ ಗುದ್ದಲಿ ತಂದು ಬಾಗಿಲಿಗೆ ಒರಗಿಸಿದ್ದು ನಲವತ್ನಾಲ್ಕನೆಯ ಇಸವಿಯ ಶ್ರಾವಣದಲ್ಲಿ. ಬೆಂಗಳೂರಿನ ದಂಡಿನ ಆಸ್ಪತ್ರೆಗೆ ಹೋದ ಹಣ್ಣಿನ ಬುಟ್ಟಿಗಳೆಲ್ಲ ವಾಪಸ್ಸು ಬಂದಿದ್ದವು. ಹಣ್ಣು ಒಯ್ಯುವ ಮುನಿರಾಮಯ್ಯ ಗೊಂಚಲೊಂದನ್ನು ಎತ್ತಿ ತೋರಿಸಿದ. "ನೋಡಮ್ಮ, ಮೈಯೆಲ್ಲ ನೀಲಿ ಕಲೆ. ಕಾಯಿಲೆಯೋರಿಗೆ ವಿಷ ತಿನ್ನಿಸ್ತೀರಾ ಅಂದ್ರು. ಸೋಮವಾರ ಇನ್ನೊಂದೇ ಸಲ ಬರ್ತೀನಿ."

"ಆಮೇಲೆ ಬಳ್ಳಿ ಕಿತ್ತು ಹುರುಳಿ ಚೆಲ್ಲೋದೇ," ಎಂದ ಸೊಣ್ಣಪ್ಪ.

ತಪ್ಪು ಅವಳ ಗಂಡ ಪಿಳ್ಳಪ್ಪನದು. ಬಳ್ಳಿಗೆ ಬೂಜು ಹತ್ತದಂತೆ ಮೈಲುತುತ್ತ, ಸುಣ್ಣ ಕಲಸಿ ಎರಚುವುದು ಸರಿಯೇ. ಆದರೆ ಗೊಂಚಲು ನೀಲಿಯಾಗಿದ್ದಷ್ಟೂ ತೋಟಗಾರ ಮೈಗಳ್ಳನಲ್ಲವೆಂಬ ಹೆಸರು! ಆ ಹೆಸರಿನ ಆಸೆಗೆ ಪುಣ್ಯಾತ್ಮ ಕೊಯ್ಲಿಗೆ ನಾಲ್ಕು ದಿನವಿರುವಾಗಲೂ ಹಣ್ಣಿಗೆ ಮದ್ದಿನ ಅಭಿಷೇಕ ಮಾಡಿದ್ದ.

ಮುನಿತಾಯಮ್ಮ ಬಟ್ಟೆಯಿಂದ ಒರೆಸಿದಳು, ಹಣ್ಣು ಒಡೆದವು. ಬರಿ ನೀರಿಗೆ ಅದ್ದಿದಳು. ಕಲೆ ಜಪ್ಪಯ್ಯ ಅನ್ನಲಿಲ್ಲ. ಭಾನುವಾರ ಹಬ್ಬಕ್ಕೆಂದು ತಾಮ್ರದ ಹಂಡೆಗೆ ಹುಣಿಸೆಹಣ್ಣು ಹಾಕಿ ಉಜ್ಜುವಾಗ ಹಸಿರು ಕಿಲುಬು ಕರಗಿ ಹರಿಯಿತು. ಅವಳ ಕೈ ನಿಂತಿತು. ಮೈಲುತುತ್ತದಲ್ಲಿರುವುದೂ ತಾಮ್ರವೇ ಅಲ್ಲವೇ?

ತೆಳ್ಳಗೆ ಹುಣಿಸೆ ನೀರು ಸೋಸಿ, ತೊಟ್ಟು ಹಿಡಿದು ಹತ್ತಾರು ಗೊಂಚಲು ಅದ್ದಿದಳು. ನೀಲಿ ಬಿಟ್ಟೇಬಿಟ್ಟಿತು! ಬಳಿಕ ಎರಡು ಸಲ ಬಾವಿಯ ನೀರು, ಜಗಲಿಯ ಹಗ್ಗದ ಮೇಲೆ ಗಾಳಿ.

"ಕಣ್ಣಿಗೆ ಕಾಣದ್ದು ಉಳಿದಿದ್ರೆ?" ಎಂದ ಪಿಳ್ಳಪ್ಪ, ಸಣ್ಣ ದನಿಯಲ್ಲಿ.

ಮದ್ದು ಕಲಸುವಾಗ ಅದಕ್ಕೆ ಕುಡುಗೋಲು ಅದ್ದಿ, ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಹಾಕುವುದು ತೋಟದವರ ವಾಡಿಕೆ. ಅದೇ ಉಪಾಯವನ್ನು ಅವಳು ಇಲ್ಲಿಗೂ ತಂದಳು. ಗೊಂಚಲು ತೊಳೆದ ಹುಣಿಸೆ ನೀರಿಗೆ ಕುಡುಗೋಲಿಟ್ಟಾಗ ಕೆಂಪು ಹತ್ತಿತು. ತೊಳೆದ ಗೊಂಚಲುಗಳನ್ನು ಹೊಸ ಹುಣಿಸೆ ನೀರಿಗೆ ಅದ್ದಿ ಇನ್ನೊಂದು ಕುಡುಗೋಲಿಟ್ಟಳು. ಸಂಜೆಯಾದರೂ ಕೆಂಪು ಬರಲಿಲ್ಲ.

ಸೋಮವಾರ ತೊಳೆದ ಹಣ್ಣಿನ ಬುಟ್ಟಿಯ ಜೊತೆಗೆ, ಆಸ್ಪತ್ರೆಯವರಿಗೆ ತೋರಿಸಲೆಂದು ಎರಡೂ ಕುಡುಗೋಲನ್ನು ಮುನಿರಾಮಯ್ಯನ ಕೈಗೇ ಕೊಟ್ಟು ಕಳಿಸಿದಳು. ಗುರುವಾರ ಅವನು ಬೀದಿಯ ತುದಿಯಿಂದಲೇ ಕೂಗಿದ: "ಬುಟ್ಟಿ ಖಾಲಿ ಬಂದಿದೆ ಕಣಮ್ಮ! ಈ ತೋಟದ್ದೇ ಬೇಕಂತೆ!"

ಖುಷಿಗೆ ಮುನಿತಾಯಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಂಡನತ್ತ ತಿರುಗಿ, "ಇನ್ಮೇಲೆ ಕಾಯಿ ಬಣ್ಣ ತಿರುಗಿದ್ಮೇಲೆ ಮದ್ದು ಎರಚಿದ್ರೆ ನಿಮ್ಮನ್ನೂ ಹುಣಿಸೆ ನೀರಿಗೆ ಅದ್ದಿಬಿಡ್ತೀನಿ," ಎಂದಳು.

ಅಷ್ಟರಲ್ಲಿ ಸೊಣ್ಣಪ್ಪ ಗುದ್ದಲಿ ಹೆಗಲಿಗೇರಿಸಿ ತೋಟದ ಕಡೆ ಹೊರಟಿದ್ದ. ಅವಳು ಹಿಂದೆಯೇ ಓಡಿದಳು. ಮುದುಕ ಚಪ್ಪರ ದಾಟಿ, ಹುರುಳಿಗೆಂದು ಬಿಟ್ಟಿದ್ದ ಹೊಲದಲ್ಲಿ ಗುಣಿ ತೋಡುತ್ತಿದ್ದ.

"ಬಳ್ಳಿಗೂ ಬಳ್ಳಿಗೂ ಎಷ್ಟು ಮಾರು ಬಿಡ್ಬೇಕಮ್ಮ, ಹೇಳು," ಎಂದ.