ಆನೆ ಬಣ್ಣದ ಹಾಳೆ

ಅಪ್ಪನ ಟ್ರೆಡಲ್ ಅಚ್ಚಿನ ಯಂತ್ರವನ್ನು ಗುಜರಿಗೆ ಹಾಕು ಎಂದು ಹೇಳದವರು ಶಿವಮೊಗ್ಗದಲ್ಲಿ ಯಾರಾದರೂ ಉಳಿದಿದ್ದಾರೋ ಇಲ್ಲವೋ ಗೊತ್ತಿಲ್ಲ. ನೆಂಟರು ಹೇಳಿದರು, ಆಫ್‌ಸೆಟ್ ಪ್ರೆಸ್ಸಿನವರು ಹೇಳಿದರು, ಗುಜರಿಯವನಂತೂ ಆಗಾಗ ಬಂದು ಯಂತ್ರಕ್ಕೆ ಒಂದು ಪ್ರದಕ್ಷಿಣೆ ಹಾಕಿ ಹೋಗುತ್ತಿದ್ದ. ಐವತ್ತು ದಾಟಿದ ಹೆಂಗಸು ಕಾಲಲ್ಲಿ ತುಳಿದು ಅಚ್ಚು ಹಾಕುತ್ತಾಳೆಂದರೆ ಅವರಿಗೆಲ್ಲ ತಮಾಷೆ. ನಾನೂ ಹಟಮಾರಿಯೇ. ಆಲ್ಕೊಳ ಸರ್ಕಲ್ಲಿನ ಹತ್ತಿರ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆ ಯಂತ್ರ ಇವತ್ತಿಗೂ ಖಟ್ ಖಟ್ ಎನ್ನುತ್ತದೆ. ಅದರಲ್ಲಿ ನಾನು ಪುಸ್ತಕ ಮಾಡುತ್ತೇನೆ.

ಮಾಡುತ್ತೇನೆ ಅಂದರೆ ನಿಜವಾಗಿಯೂ ಮಾಡುವುದೇ. ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸಿ, ಶಾಯಿ ಹಚ್ಚಿ, ಹಾಳೆ ಕೊಟ್ಟು, ಒಣಗಿಸಿ, ಕೊನೆಗೆ ಸೂಜಿ ದಾರದಲ್ಲಿ ಹೊಲಿಯಬೇಕು. ನಮ್ಮಲ್ಲಿ ಮೊಳೆಗಳು ಕಡಿಮೆ. ಒಂದು ಪುಟ ಅಚ್ಚಾದ ಮೇಲೆ ಅದನ್ನು ಬಿಚ್ಚಿ, ಅವೇ ಮೊಳೆಗಳಲ್ಲಿ ಮುಂದಿನ ಪುಟ ಕಟ್ಟಬೇಕು. ಹಾಗಾಗಿ ಅಚ್ಚಾದಷ್ಟೇ ಪ್ರತಿ. ಆಮೇಲೆ ಮಂತ್ರಿಗಳೇ ಬಂದು ಕೇಳಿದರೂ ಇನ್ನೊಂದು ಸಿಗುವುದಿಲ್ಲ. ಬೆಂಗಳೂರಿನವರು ಇದಕ್ಕೆ ಸೀಮಿತ ಆವೃತ್ತಿ ಎಂದು ಚೆಂದದ ಹೆಸರಿಟ್ಟಿದ್ದಾರೆ.

ಕಾಗದ ಬರುತ್ತಿದ್ದದ್ದು ಭದ್ರಾವತಿಯಿಂದ. ಅಲ್ಲಿ ನ್ಯೂ ಟೌನಿನ ಬಾಡಿಗೆ ಮನೆಯಲ್ಲಿ, ಕಾಗದದ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ದರ್ಜಿ ಅಂಗಡಿಯ ಹತ್ತಿ ಬಟ್ಟೆಯ ಚೂರು, ಹಳೇ ಪಂಚೆ ಎಲ್ಲವನ್ನೂ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ನೆನೆಹಾಕಿ, ರುಬ್ಬಿ, ಜರಡಿಯಲ್ಲಿ ಹಾಳೆ ಎತ್ತುತ್ತಿದ್ದರು. ಹಾಲಿನ ಕೆನೆಯಂಥ ಬಿಳಿ ಹಾಳೆ. ಕೈಯಲ್ಲಿ ಹಿಡಿದರೆ ಕೆಳಗಿಡಲು ಮನಸ್ಸು ಬಾರದು.

ನಾನು ಸಕ್ರೆಬೈಲು ಬಿಡಾರದ ಆನೆಗಳ ಸ್ನಾನದ ಬಗ್ಗೆ ಒಂದು ಪುಸ್ತಕ ಮಾಡುತ್ತೇನೆ ಎಂದಾಗ ಅಣ್ಣ ಅಪರೂಪಕ್ಕೆ ಗಂಭೀರವಾದರು. "ಜೀವಮಾನವೆಲ್ಲ ಲಾರಿಗಟ್ಟಲೆ ಕಾಗದ ಮಾಡಿದೀನಮ್ಮ. ಇದು ನಂದು ಅಂತ ತೋರ್ಸೋಕೆ ಒಂದು ಹಾಳೆ ಇಲ್ಲ. ಈ ಮನೆಯೋರು ಹಿತ್ತಿಲು ಕೆಡವಿ ಅಂಗಡಿ ಕಟ್ತಾರಂತೆ. ತೊಟ್ಟಿ ಹೋದ್ರೆ ನನ್ನ ಕಾಗದನೂ ಮುಗೀತು. ಈ ಪುಸ್ತಕ ಚೆನ್ನಾಗಿ ಮಾಡು" ಎಂದರು. ಮಾಡುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಹಾಳೆಯ ಒಂದು ಬದಿಗೆ ನಾನು ಬರೆದ ನಾಲ್ಕಾರು ಸಾಲು, ಇನ್ನೊಂದು ಬದಿಗೆ ನಾನೇ ಲಿನೋ ಎಂಬ ರಬ್ಬರಿನಂಥ ಹಲಗೆಯಲ್ಲಿ ಕೆತ್ತಿದ ಆನೆಯ ಚಿತ್ರ. ಕೆಲಸ ಸುಸೂತ್ರವಾಗಿ ಸಾಗಿ ಕೊನೆಗೆ ಒಂದೇ ಒಂದು ಚಿತ್ರ ಉಳಿದಿತ್ತು. ಅದು ದೊಡ್ಡ ದಂತದ ಆನೆ ನೀರಿನಿಂದ ಮೇಲೇಳುತ್ತಿರುವ ಚಿತ್ರ, ಪುಸ್ತಕದ ಜೀವ. ಅದು ಅಚ್ಚಾಗುವುದನ್ನು ನೋಡಲೆಂದೇ ಅಣ್ಣ ಇಸ್ತ್ರಿ ಶರ್ಟು ಹಾಕಿಕೊಂಡು ಬಸ್ಸಿನಲ್ಲಿ ಬಂದರು.

ಬರಹದ ಬದಿ ಹಿಂದಿನ ದಿನವೇ ಅಚ್ಚಾಗಿ ಒಣಗಿತ್ತು. ಹಾಳೆಗಳನ್ನು ಬರಹ ಕೆಳಗಾಗಿ ಯಂತ್ರದ ಪಕ್ಕ ಇಟ್ಟು ನಾನು ಕಾಫಿ ಮಾಡಲು ಒಳಗೆ ಹೋದೆ. ಕಾಗದದವರಿಗೆ ಹಾಳೆಯ ಗುಡ್ಡೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಎತ್ತಿ, ಕುಟ್ಟಿ, ಅಂಚು ಸಮ ಮಾಡಿ, ನೀಟಾದ ಅಂಚು ಎದುರಿಗೆ ಬರುವಂತೆ ಗುಡ್ಡೆಯನ್ನು ಅರ್ಧ ಸುತ್ತು ತಿರುಗಿಸಿ ಇಡಲೇಬೇಕು. ಕಾರ್ಖಾನೆಯಲ್ಲಿ ಹಿಡಿದ ಅಭ್ಯಾಸ. ಅಣ್ಣ ಪ್ರೀತಿಯಿಂದ ಅಷ್ಟೂ ಮಾಡಿಟ್ಟರು. ಬರಹದ ತಲೆ ಯಾವ ಕಡೆಗಿದೆ ಎಂದು ನಾನು ಮೊದಲ ಹಾಳೆಯನ್ನು ಮಗುಚಿ ನೋಡಬೇಕಿತ್ತು. ಅವರು ಪಕ್ಕದಲ್ಲಿ ಎದೆಯುಬ್ಬಿಸಿ ನಿಂತಿದ್ದರು, ನಾನೂ ಎದೆಯುಬ್ಬಿಸಿ ತುಳಿದೇ ತುಳಿದೆ.

ಹಾಳೆಗಳನ್ನು ಒಣಗಲು ದಾರಕ್ಕೆ ಸಿಕ್ಕಿಸುವಾಗ ಗೊತ್ತಾಯಿತು. ಪುಟ ತಿರುಗಿಸಿದರೆ ಆನೆ ನಾಲ್ಕು ಕಾಲೂ ಆಕಾಶಕ್ಕೆ ಮಾಡಿಕೊಂಡಿದೆ! ಒಂದಲ್ಲ, ಎಲ್ಲ ಪ್ರತಿಗಳಲ್ಲೂ. ಬೇರೆ ಕಾಗದವಿಲ್ಲ. ಬರಹದ ಮೊಳೆಗಳನ್ನೂ ಬಿಚ್ಚಿಯಾಗಿತ್ತು.

"ಅಣ್ಣಾ, ನಿಮಗ್ಯಾರು ಅದನ್ನ ಮುಟ್ಟಿ ಅಂದಿದ್ದು?" ಎಂದು ಕೂಗಿದೆ.

"ಅಚ್ಚು ಹಾಕೋಳು ನೀನಾ ನಾನಾ? ನೋಡ್ಬೇಕಾಗಿತ್ತಲ್ಲಮ್ಮ!" ಎಂದು ಅವರೂ ಕೂಗಿದರು.

ಎದುರು ಮನೆಯವರು ಕಿಟಕಿ ತೆರೆಯುವಷ್ಟು ಜಗಳವಾಯಿತು. ತಪ್ಪು ಯಾರದು ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಆಗುವುದೂ ಬೇಡ. ಸಿಟ್ಟು ಇಳಿದ ಮೇಲೆ ನೋಡಿದರೆ ಅಣ್ಣ ಸ್ಟೂಲಿನ ಮೇಲೆ ಕೂತು ಒಂದು ಹಾಳೆಯ ಅಂಚನ್ನು ಸುಮ್ಮನೆ ಸವರುತ್ತಿದ್ದರು.

ಪುಸ್ತಕ ಕೊಳ್ಳಬೇಕಿದ್ದ ಬೆಂಗಳೂರಿನ ಗ್ಯಾಲರಿಯವರಿಗೆ ಫೋಟೊ ಕಳಿಸಿ, ಆಗುವುದಿಲ್ಲ ಎಂದು ತಿಳಿಸಿದೆ. ಅವರು ತಕ್ಷಣ ಫೋನ್ ಮಾಡಿದರು. "ಏನೂ ಬದಲಾಯಿಸಬೇಡಿ ಮೇಡಂ. ತಲೆಕೆಳಗಾದ ಆನೆ, ಎಷ್ಟು ಮಾಡರ್ನ್ ಆಗಿದೆ! ಬೇಕಂತಲೇ ಮಾಡಿದ್ದು ಅಂತ ಹೇಳೋಣ."

ಫೋನು ಸ್ಪೀಕರಿನಲ್ಲಿತ್ತು. ಅಣ್ಣ ಎದ್ದು ನಿಂತರು. "ಅಲ್ಲಾ ಮಾರಾಯ್ತಿ, ಕೆಟ್ಟಿದ್ದನ್ನ ಚೆನ್ನಾಗಿದೆ ಅಂತ ಮಾರು ಅಂತಾನಲ್ಲ ಈತ! ನನ್ನ ಕಾಗದದ ಮೇಲೆ ಅದು ಆಗಲ್ಲ." ನನ್ನ ಅಚ್ಚಿನಲ್ಲೂ ಆಗುವುದಿಲ್ಲ ಎಂದು ನಾನು ಫೋನಿಟ್ಟೆ. ಆ ಕ್ಷಣ ನನಗೆ ನಮ್ಮಿಬ್ಬರ ಬಗ್ಗೆಯೂ ಬಂದ ಹೆಮ್ಮೆಯನ್ನು ಏನೆಂದು ಹೇಳಲಿ! ಕೈಯಲ್ಲಿ ಪುಸ್ತಕವಿರಲಿಲ್ಲ, ಆದರೂ ತಲೆ ಎತ್ತಿಯೇ ಇತ್ತು.

ಆಮೇಲೆ ಅಣ್ಣ ಹಾಳೆಗಳನ್ನು ಒಂದೊಂದೇ ದಾರದಿಂದ ಬಿಡಿಸತೊಡಗಿದರು. "ಕಾಗದ ಸತ್ತಿಲ್ಲ ಕಣಮ್ಮ. ನೀರಿಗೆ ಹಾಕಿದ್ರೆ ಮತ್ತೆ ಎದ್ದು ಬರುತ್ತೆ. ತೊಟ್ಟಿ ಇನ್ನೂ ಇದೆಯಲ್ಲ" ಎಂದರು.

ಮರುದಿನ ಭದ್ರಾವತಿಯ ಆ ಹಿತ್ತಲಲ್ಲಿ ಕೂತು ಇಬ್ಬರೂ ಹಾಳೆಗಳನ್ನು ಹರಿದೆವು. ನಾನು ಬರೆದ ಸಾಲುಗಳನ್ನು ನಾನೇ ಚೂರು ಚೂರು ಮಾಡಿ ತೊಟ್ಟಿಗೆ ಹಾಕಿದೆ. ನೆನೆದ ಚೂರುಗಳನ್ನು ಅಣ್ಣ ರುಬ್ಬಿ, ತೊಳೆದು, ಮತ್ತೆ ತೊಳೆದರು. ಅಚ್ಚಿನ ಶಾಯಿ ಎಣ್ಣೆಯದು, ಜಪ್ಪಯ್ಯ ಅಂದರೂ ಬಿಡಲಿಲ್ಲ. ತೊಟ್ಟಿಯ ನೀರು ಬೂದಿ ಬಣ್ಣಕ್ಕೆ ತಿರುಗಿತು. ಬಿಳಿ ಕಾಗದದ ಮೇಲೆ ಬದುಕಿದ ಮನುಷ್ಯ, ಮುಖ ಸಣ್ಣದಾಯಿತು. "ನೀನು ಮನೆಗೆ ಹೋಗು. ಒಣಗಿದ ಮೇಲೆ ಹೇಳ್ತೀನಿ" ಎಂದು ನನ್ನನ್ನು ಬಸ್ಸು ಹತ್ತಿಸಿದರು.

ಫೋನು ಬಂದಾಗ "ಬಾ" ಎಂದಷ್ಟೇ ಹೇಳಿ ಇಟ್ಟರು. ಕೆಟ್ಟಿತು ಎಂದುಕೊಂಡೇ ಹೋದೆ. ಹಿತ್ತಲ ಬಿಸಿಲಿಗೆ ಹಾಳೆಗಳನ್ನು ಹರಡಿದ್ದರು. ಬೂದು ಬಣ್ಣ, ಅದರೊಳಗೆ ಅಲ್ಲಲ್ಲಿ ಕರೀ ಚುಕ್ಕೆ. ಕೈಯಾಡಿಸಿದೆ. ಸ್ನಾನ ಮುಗಿಸಿ ಮೈ ಆರಿದ ಆನೆಯ ಬಣ್ಣವೇ ಅದು. ಅಂಥ ಬಣ್ಣವನ್ನು ಬೇಕೆಂದು ಮಾಡಹೊರಟಿದ್ದರೆ ನಮ್ಮಿಂದ ಆಗುತ್ತಿರಲಿಲ್ಲ.

"ಬಿಳಿ ಬರ್ಲಿಲ್ಲಮ್ಮ" ಎಂದರು ಅಣ್ಣ.

"ಬಿಳಿ ಯಾರಿಗೆ ಬೇಕಣ್ಣ?" ಎಂದೆ. ನನ್ನ ಕಣ್ಣು ತುಂಬಿತ್ತು, ಮುಚ್ಚಿಡಲು ಹೋಗಲಿಲ್ಲ.

ಆ ವಾರವೇ ಮನೆಯ ಮಾಲೀಕರು ತೊಟ್ಟಿಯನ್ನು ಒಡೆದರು. ನಾನು ಆ ಪುಟದ ಬರಹವನ್ನು ಮತ್ತೆ ಮೊದಲಿನಿಂದ ಜೋಡಿಸಿದೆ. ಈ ಸಲ ಅಚ್ಚು ಹಾಕುವಾಗ ಅಣ್ಣ ಕೈ ಹಿಂದೆ ಕಟ್ಟಿ ನಿಲ್ಲಬೇಕು ಎಂಬುದು ನನ್ನ ಷರತ್ತು. ಮೊದಲ ಹಾಳೆಯನ್ನು ನಾನು ಮಗುಚುವ ಮೊದಲೇ ಅವರು ಬಗ್ಗಿ ಅಡಿಯಿಂದ ನೋಡಿದರು. ಆನೆ ನೆಟ್ಟಗೆ ನಿಂತಿತ್ತು. ಬಿಳಿ ಹಾಳೆಗಳ ನಡುವೆ ಆ ಒಂದು ಬೂದು ಹಾಳೆಯನ್ನು ಇಟ್ಟು ಪುಸ್ತಕ ಹೊಲಿದೆ. ರುಬ್ಬುವುದರಲ್ಲಿ ಕಾಗದ ಸ್ವಲ್ಪ ಕಡಿಮೆಯಾಗಿ ಕೆಲವು ಪ್ರತಿಗಳು ಕೈತಪ್ಪಿದವು. ಹೋಗಲಿ.

ಶಿವಮೊಗ್ಗದ ಒಂದು ಸಭಾಂಗಣದಲ್ಲಿ ಪುಸ್ತಕ ಪ್ರದರ್ಶನವಿತ್ತು. ನಮಗೂ ಒಂದು ಮೇಜು ಸಿಕ್ಕಿತು. ಬಂದವರೆಲ್ಲ ಪುಟ ತಿರುಗಿಸುತ್ತಾ ಆ ಬೂದು ಹಾಳೆಗೆ ಬಂದರೆ ನಿಂತುಬಿಡುತ್ತಿದ್ದರು. ಓದುವುದು ಬಿಟ್ಟು ಸವರುತ್ತಿದ್ದರು. ಬೇರೆ ದಿನವಾಗಿದ್ದರೆ ಬರೆದವಳಿಗೆ ಹೊಟ್ಟೆಕಿಚ್ಚಾಗಬೇಕಿತ್ತು. ವಯಸ್ಸಾದ ಟೀಚರೊಬ್ಬರು ಕನ್ನಡಕ ಏರಿಸಿ ಕೇಳಿದರು, "ಈ ಕಾಗದ ಎಲ್ಲಿ ಸಿಗುತ್ತಮ್ಮ? ಯಾರು ಮಾಡಿದ್ದು?"

ನಾನು ಅಣ್ಣನ ಕಡೆ ನೋಡಿದೆ. ನಮ್ಮ ಮನೆಯಿಂದ ಸಿಟಿ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ನನ್ನ ತಲೆ ತಿಂದವರು, ಈಗ ಬರೀ ಕೈಮುಗಿದು ನಿಂತಿದ್ದರು. ಆಗ ನಾನೇ ಹೇಳಿದೆ. ನನ್ನ ದನಿ ಮೊದಲೇ ದೊಡ್ಡದು, ಇಡೀ ಸಭಾಂಗಣ ತಿರುಗಿ ನೋಡಿತು.

"ಎಲ್ಲೂ ಸಿಗಲ್ಲ ಮೇಡಂ. ಇದು ಇವರ ಕಾಗದ. ಭದ್ರಾವತೀಲಿ ಇವರು ಕೈಯಾರೆ ಮಾಡಿದ್ದು."

ಅಣ್ಣ ನನ್ನ ಸೆರಗು ಎಳೆದರು. "ಸ್ವಲ್ಪ ಮೆಲ್ಲಗೆ ಹೇಳಮ್ಮ, ಎಲ್ಲಾ ನೋಡ್ತಿದಾರೆ" ಎಂದರು. ಟೀಚರು ಪುಸ್ತಕ ಕೊಂಡು ಹೋದ ಮೇಲೆ ನನ್ನ ಕಡೆ ಬಗ್ಗಿ, ಬೇರೆ ಯಾರಿಗೂ ಕೇಳಿಸದಂತೆ ಕೇಳಿದರು:

"ಏನಂದೆ? ಇನ್ನೊಂದ್ಸಲ ಹೇಳು."